ಹಠಕ್ಕೆ ಮದ್ದು ಪೆಟ್ಟಲ್ಲ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ತುಂಬಿದ ಮನೆಗಳಲ್ಲಿ ಎರಡು ವರ್ಷದ ಮಗು ಹಠ ಹಿಡಿದು ನೆಲದಲ್ಲಿ ಹೊರಳಿದರೆ ಒಬ್ಬರು ಕೋಲು ಹುಡುಕುತ್ತಾರೆ, ಇನ್ನೊಬ್ಬರು ಮೊಬೈಲ್ ಕೈಗಿಡುತ್ತಾರೆ. ಎರಡರಿಂದಲೂ ಮಗು ಆ ಹೊತ್ತಿಗೆ ಸುಮ್ಮನಾಗುತ್ತದೆ, ಹಠ ಮಾತ್ರ ಬೆಳೆಯುತ್ತದೆ. ದೊಡ್ಡವರು ಸಿಟ್ಟಾಗದೆ, ಮಣಿಯದೆ ನಿಲ್ಲುವುದೇ ಸರಿಯಾದ ದಾರಿ ಎಂದು ಹೇಳಲು ಗಟ್ಟಿ ಆಧಾರಗಳಿವೆ.

ಒಂದೂವರೆಯಿಂದ ಮೂರು ವರ್ಷದ ನಡುವೆ ಮಗುವಿಗೆ ತಾನು ಬೇರೆ, ತನ್ನ ಇಷ್ಟ ಬೇರೆ ಎಂಬ ಅರಿವು ಮೂಡುತ್ತದೆ. ಆಸೆ ಬೆಳೆದಷ್ಟು ಬೇಗ ಮಾತು ಬೆಳೆಯುವುದಿಲ್ಲ. ಆವೇಶಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ಲಾರೆನ್ಸ್ ಗುಡ್‌ಎನಫ್ 1931ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಮಕ್ಕಳ ಸಿಟ್ಟಿನ ಪ್ರಸಂಗಗಳನ್ನು ಹೆತ್ತವರೇ ಬರೆದಿಟ್ಟಿದ್ದರು. ಸಿಟ್ಟು ಎರಡನೇ ವರ್ಷದಲ್ಲಿ ಅತಿ ಹೆಚ್ಚಾಗಿದ್ದು ಬಳಿಕ ಇಳಿದಿತ್ತು. ಊಟಕ್ಕೆ ಮುಂಚೆ ಮತ್ತು ಮೈ ಹುಷಾರಿಲ್ಲದಾಗ ಏರುತ್ತಿತ್ತು. ಮದುವೆ ಹಾಲ್‌ನಲ್ಲಿ ಪಂಕ್ತಿ ತಡವಾದಾಗ, ಯಕ್ಷಗಾನದ ಆಟದ ಬಯಲಲ್ಲಿ ನಿದ್ದೆಗೆಟ್ಟಾಗ ಮಗು ರಚ್ಚೆ ಹಿಡಿಯುವುದಕ್ಕೆ ಕಾರಣ ಹಸಿವು, ನಿದ್ದೆ. ಅದನ್ನು ಸೊಕ್ಕು ಎಂದು ಕರೆಯುವುದು ಮಗುವಿಗೆ ಮಾಡುವ ಅನ್ಯಾಯ.

ಪೆಟ್ಟಿನ ವಿಷಯಕ್ಕೆ ಬರೋಣ. ಸಂಶೋಧಕರಾದ ಎಲಿಜಬೆತ್ ಗರ್ಷಾಫ್ ಮತ್ತು ಆಂಡ್ರೂ ಗ್ರೋಗನ್-ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದರು. ಅವುಗಳಲ್ಲಿದ್ದ ಮಕ್ಕಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಪೆಟ್ಟು ಹೆಚ್ಚಿದ್ದಲ್ಲಿ ವಿಧೇಯತೆ ಹೆಚ್ಚಿರಲಿಲ್ಲ. ಆಕ್ರಮಣಶೀಲತೆ, ಮನಸ್ಸಿನ ತೊಂದರೆಗಳು ಹೆಚ್ಚಿದ್ದವು. ಹಠಮಾರಿ ಮಗುವಿಗೇ ಹೆಚ್ಚು ಪೆಟ್ಟು ಬೀಳುವುದು ಸಹಜವಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಗುವಿನ ಮೊದಲಿನ ನಡವಳಿಕೆಯನ್ನು ಲೆಕ್ಕಕ್ಕೆ ಹಿಡಿದು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲೂ ಪೆಟ್ಟಿನ ಬಳಿಕ ಉಪಟಳ ಹೆಚ್ಚಿದ್ದು ಕಂಡಿದೆ. "ನಾವೆಲ್ಲ ಪೆಟ್ಟು ತಿಂದೇ ಬೆಳೆದವರು" ಎನ್ನುವವರು ಆಗಿನ ಅಂಗಳ, ಗದ್ದೆ, ಓರಗೆಯ ಮಕ್ಕಳ ಹಿಂಡನ್ನೂ ನೆನೆಯಬೇಕು. ಅಲ್ಲಿ ಅರ್ಧ ಹಠ ಆಟದಲ್ಲೇ ಕರಗುತ್ತಿತ್ತು. ಈಗ ಜೂನ್-ಜುಲೈ ಮಳೆಗೆ ಮಗು ನಾಲ್ಕು ಗೋಡೆಯೊಳಗೆ ಟಿವಿಯ ಮುಂದಿದೆ. ಗುಮ್ಮನ ಹೆದರಿಕೆಯೂ ಇಷ್ಟೇ. ಪುರಂದರದಾಸರ ಕೀರ್ತನೆಯ ಬಾಲಕೃಷ್ಣನಂತೆ ಮಗು ಹೆದರಿ ಎಲ್ಲಕ್ಕೂ ಒಪ್ಪಿಕೊಳ್ಳುತ್ತದೆ. ಒಪ್ಪಿದ್ದು ಅಂಜಿಕೆಗೆ, ಮಾಡಬಾರದ್ದು ಯಾಕೆ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಮುದ್ದು ಹೆಚ್ಚಾದರೆ ಮಗು ತಲೆಯ ಮೇಲೆ ಕೂರುತ್ತದೆ ಎಂಬ ಭಯ ಸುಳ್ಳಲ್ಲ. ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್ರಿಂಡ್ 1960ರ ದಶಕದಲ್ಲೇ ತೋರಿಸಿದಂತೆ, ಕಟ್ಟಳೆಯೇ ಇಲ್ಲದ ಮನೆಯ ಮಕ್ಕಳಿಗೂ ಸ್ವನಿಯಂತ್ರಣ ಕಡಿಮೆ. ಪ್ರೀತಿ ಮತ್ತು ಕಟ್ಟುನಿಟ್ಟು ಎರಡೂ ಇದ್ದಲ್ಲಿ ಮಕ್ಕಳು ಚೆನ್ನಾಗಿ ಬೆಳೆದರು. ಹಾಗಾಗಿ ಬಾವಿಕಟ್ಟೆ, ಹೆದ್ದಾರಿ 66, ಒಲೆಯ ಬೆಂಕಿ ಇವುಗಳ ಬಳಿ ಮಾತುಕತೆಯಿಲ್ಲ, ಮಗುವನ್ನು ಮೊದಲು ಎತ್ತಿಕೊಳ್ಳಬೇಕು. ಸ್ನಾನಕ್ಕೆ ಒಲ್ಲೆ ಎಂದರೆ "ಮಿಂದ ಮೇಲೆ ಈ ಅಂಗಿ ಹಾಕುದಾ, ಆ ಅಂಗಿ ಹಾಕುದಾ?" ಎಂದು ಕೇಳಬಹುದು, ಸ್ನಾನ ತಪ್ಪುವುದಿಲ್ಲ, ಆಯ್ಕೆ ಮಗುವಿಗೆ ಸಿಗುತ್ತದೆ. ಅಳು ಜೋರಾದಾಗ ಉಪದೇಶ ಕಿವಿಗೆ ಬೀಳದು. ಹತ್ತಿರ ಕುಳಿತು, "ಸಿಟ್ಟು ಬಂದಿತಾ ಮಗಾ" ಎಂದು ಮೆಲ್ಲಗೆ ಕೇಳಿ ಕಾದರೆ ಬಹುಪಾಲು ರಂಪ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ.

ಗೇರುಬೀಜ ಕಾರ್ಖಾನೆಯಲ್ಲಿ ದಿನವಿಡೀ ದುಡಿದು ಬಂದ ತಾಯಿಗೆ, ಗಂಡ ಬೆಂಗಳೂರಿನ ಹೋಟೆಲಿನಲ್ಲೋ ಗಲ್ಫಿನಲ್ಲೋ ಇರುವಾಗ, ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಇದು ಎಲ್ಲಕ್ಕಿಂತ ದೊಡ್ಡ ಆಕ್ಷೇಪ, ಇದಕ್ಕೆ ಅವಳಿಗೆ ಬುದ್ಧಿ ಹೇಳುವುದು ಉತ್ತರವಲ್ಲ, ಮನೆಯವರೆಲ್ಲ ಜೊತೆಯಾಗುವುದು ಉತ್ತರ. ಅಮ್ಮ ಇಲ್ಲ ಎಂದದ್ದನ್ನು ಅಜ್ಜಿ ಗುಟ್ಟಾಗಿ ಕೊಟ್ಟರೆ, ಮುಂದಿನ ಸಲ ಇನ್ನಷ್ಟು ಜೋರಾಗಿ ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಮನೆಯವರೆಲ್ಲ ಕೂತು, ಯಾವ ಎರಡು-ಮೂರು ವಿಷಯಕ್ಕೆ ಖಂಡಿತ ಇಲ್ಲ ಎನ್ನುವುದು ಎಂದು ತೀರ್ಮಾನಿಸಿ. ಅಪ್ಪ ಫೋನಿನಲ್ಲೂ ಅದನ್ನೇ ಹೇಳಲಿ. ಆದರೆ ಎರಡು ವರ್ಷ ತುಂಬಿದರೂ ಮಾತು ಬಾರದಿದ್ದರೆ, ಹಠದಲ್ಲಿ ಮಗು ಮತ್ತೆ ಮತ್ತೆ ತಲೆ ಚಚ್ಚಿಕೊಳ್ಳುತ್ತಿದ್ದರೆ ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನೂ ಉಚಿತವಾಗಿ ತಪಾಸಣೆ ಮಾಡುತ್ತದೆ.