ಇಂಡಿಯ ನೀರಿಗೆ ಬೇರೆಯದೇ ಲೆಕ್ಕ

ಇಂಡಿ, ಸಿಂದಗಿ ಕಡೆಯ ಬೋರಿನ ನೀರಿನ ಗುಣ ಅಡುಗೆಮನೆಯಲ್ಲೇ ಗೊತ್ತಾಗುತ್ತದೆ. ಬ್ಯಾಳಿ ಬೇಗ ಬೇಯುವುದಿಲ್ಲ, ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದೆ. ಮಳೆನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಕಪ್ಪುಕಲ್ಲನ್ನೂ ಎರೆಮಣ್ಣಿನ ಸುಣ್ಣದ ಹರಳನ್ನೂ ಕರಗಿಸುತ್ತ ಇಳಿದು ಬೈಕಾರ್ಬೊನೇಟ್ ಹೊತ್ತು ಬೋರಿಗೆ ಸೇರುತ್ತದೆ. ಗಾಜಿನ ತೊಟ್ಟಿಯಲ್ಲಿ ಮೀನಿನ ಜೊತೆ ಗಿಡ ಬೆಳೆಸುವವರ ಲೆಕ್ಕವೆಲ್ಲ ಶುರುವಾಗುವುದು ಇಲ್ಲಿಂದಲೇ.

ನೀರೊಳಗಿನ ಗಿಡಗಳು ಬೆಳಕಿನಲ್ಲಿ ಗುಳ್ಳೆ ಬಿಡುವುದನ್ನು ಯಾನ್ ಇಂಗೆನ್‌ಹೌಸ್ 1779ರಲ್ಲಿ ವಿವರಿಸಿದ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್, ಬಂಗಾರದ ಮೀನು, ಬಸವನಹುಳು, ವ್ಯಾಲಿಸ್ನೇರಿಯಾ ಗಿಡ ಒಟ್ಟಿಗೆ ಬದುಕಬಲ್ಲವೆಂದು 1850ರಲ್ಲಿ ವರದಿ ಮಾಡಿದ. ಆಗ ತೊಟ್ಟಿಗೆ ಇಂಗಾಲದ ಡೈಆಕ್ಸೈಡ್ ಬಿಡುವ ಸಿಲಿಂಡರ್ ಇರಲಿಲ್ಲ.

ಸಿಲಿಂಡರ್ ಬೇಕಾಗಿದ್ದು ಗಿಡವೇ ತೊಟ್ಟಿಯ ನಾಯಕನಾದ ಮೇಲೆ. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಈ ಅನಿಲ ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು ಮಾತ್ರ. ಅದು ಹರಡುವ ವೇಗವೂ ಗಾಳಿಯಲ್ಲಿಗಿಂತ ಸುಮಾರು 10,000 ಪಟ್ಟು ಕಡಿಮೆ. ದಟ್ಟ ಹಸಿರು ಬೇಕೆನ್ನುವವರು 30 ಮಿಲಿಗ್ರಾಂ ಗುರಿ ಇಟ್ಟುಕೊಳ್ಳುತ್ತಾರೆ. ನೀರೊಳಗೆ ತೋಟ ಕಟ್ಟುವ ಕಲೆಯನ್ನು ಜಗತ್ತಿಗೆ ಹಬ್ಬಿಸಿದವರು ನೀಗಾಟದ ತಕಾಶಿ ಅಮಾನೊ (1954–2015). ಜಪಾನಿನ ನೀರು ಬಹುತೇಕ ಮೆದು. ಅಲ್ಲಿಯ ಪಾಕವನ್ನು ಇಲ್ಲಿಗೆ ಹಾಗೆಯೇ ತಂದರೆ ಮೀನು ಉಳಿಯುವುದಿಲ್ಲ.

ಯಾಕೆಂದು ನೋಡಿ. ಕಾರ್ಬೊನೇಟ್ ಗಡಸುತನದ (ಕೆಎಚ್) ಡಿಗ್ರಿ, ಪಿಎಚ್, ಕರಗಿದ ಅನಿಲ, ಈ ಮೂರೂ ಒಂದಕ್ಕೊಂದು ಕಟ್ಟುಬಿದ್ದಿವೆ. ಗಡಸುತನ 4 ಡಿಗ್ರಿ ಇರುವ ನೀರಿನಲ್ಲಿ ಪಿಎಚ್ 6.6ಕ್ಕೆ ಇಳಿದಾಗ ಅನಿಲ 30 ಮಿಲಿಗ್ರಾಂ. ಬೋರಿನ ನೀರು 16 ಡಿಗ್ರಿ ಇದೆ ಎಂದುಕೊಳ್ಳಿ. ಅಲ್ಲಿ ಅದೇ 30 ಮಿಲಿಗ್ರಾಂ ಪಿಎಚ್ 7.2ರಲ್ಲೇ ಸಿಕ್ಕಿಬಿಡುತ್ತದೆ. ಇನ್ನೂ 6.6 ಆಗಲಿಲ್ಲವಲ್ಲ ಎಂದು ಅನಿಲ ಬಿಡುತ್ತಲೇ ಹೋದರೆ ಅದು 120 ಮಿಲಿಗ್ರಾಂ ಮುಟ್ಟುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತ ಸಾಯುತ್ತವೆ.

ಈ ಗಡಸುತನ ತಿಳಿಯಲು ಟಿಡಿಎಸ್ ಮೀಟರನ್ನು ನಂಬಿ ಕೂರುವಂತೆಯೂ ಇಲ್ಲ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯಲ್ಲಿ ಹರಿದು ಕೃಷ್ಣೆ ಸೇರುವ ಡೋಣಿಯ ನೀರು ಉಪ್ಪುಪ್ಪು. ಆ ಉಪ್ಪಿಗೂ ಮೀಟರು ಏರುತ್ತದೆ, ಆದರೆ ಕಾರ್ಬೊನೇಟ್ ಎಷ್ಟೆಂದು ತಿಳಿಯುವುದಿಲ್ಲ. ಅದಕ್ಕೆ ಕೆಎಚ್ ಪರೀಕ್ಷೆಯ ದ್ರಾವಣವನ್ನು ಹನಿಹನಿಯಾಗಿ ಎಣಿಸಿಯೇ ಹಾಕಬೇಕು.

ಮೆದು ನೀರಿನ ಗಿಡಗಳೇ ಬೇಕೆನ್ನುವವರಿಗೆ ಮಳೆನೀರು ಇದೆ: 16 ಡಿಗ್ರಿಯ ಒಂದು ಕೊಡ ನೀರಿಗೆ ಮೂರು ಕೊಡ ಮಳೆನೀರು ಬೆರೆಸಿದರೆ ಸುಮಾರು 4 ಡಿಗ್ರಿ. ಮೀನಿರುವ ತೊಟ್ಟಿಯಲ್ಲಿ ಈ ಬದಲಾವಣೆ ದಿನಗಟ್ಟಲೆ ನಿಧಾನವಾಗಿ ಆಗಬೇಕು. ಅಷ್ಟು ಪಾಡು ಬೇಡವೆಂದರೆ ವಾರಿಂಗ್ಟನ್ ನೆಟ್ಟ ವ್ಯಾಲಿಸ್ನೇರಿಯಾವೇ ಈ ನೆಲಕ್ಕೆ ಹೇಳಿ ಮಾಡಿಸಿದ್ದು. ಅದೂ, ಶಾಲೆಯ ಪ್ರಯೋಗದ ಹೈಡ್ರಿಲ್ಲಾವೂ ಬೈಕಾರ್ಬೊನೇಟಿನಿಂದಲೇ ಇಂಗಾಲ ಹೀರಿಕೊಳ್ಳಬಲ್ಲವು. ಚುರುಕಾಗಿ ಬೆಳೆಯುವಾಗ ಎಲೆಗಳ ಮೇಲೆ ತೆಳ್ಳನೆಯ ಸುಣ್ಣದ ಪುಡಿ ಕೂರುತ್ತದೆ. ಅದನ್ನು ರೋಗವೆಂದು ಔಷಧಿ ಹಾಕಬೇಕಿಲ್ಲ.