ಗೌಡಿಯ ಪಿಒಪಿ, ಪ್ರಿಂಟರಿನ ಪುಡಿ

ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚಿಗೆ ಹೋದವರು ಕತ್ತೆತ್ತಿ ಗೋಪುರ ನೋಡುತ್ತಾರೆ. ನೆಲಮಾಳಿಗೆಯ ಮ್ಯೂಸಿಯಂಗೂ ಇಳಿಯಿರಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತಿದ್ದೇನೆ. ಅಲ್ಲೊಂದು ದೊಡ್ಡ ಗಾಜಿನ ಕಿಟಕಿ, ಅದರಾಚೆ ಮಾದರಿ ತಯಾರಿಸುವ ಕಾರ್ಯಾಗಾರ. ನಾನು ಹೋದಾಗ ಅಂಗಿಯ ತುಂಬ ಬಿಳಿ ಧೂಳು ಮೆತ್ತಿಕೊಂಡಿದ್ದ ಕುಶಲಕರ್ಮಿಯೊಬ್ಬರು ಮೊಳದುದ್ದದ ಕಂಬವೊಂದನ್ನು ಉಜ್ಜಿ ನಯಮಾಡುತ್ತಿದ್ದರು. ಮೇಜಿನ ಮೇಲೆ ಅಂಥವೇ ಇನ್ನಷ್ಟು ತುಂಡುಗಳು. ಕೆಲವು ಕೈಯಲ್ಲಿ ಎರಕ ಹೊಯ್ದವು, ಕೆಲವು ತ್ರೀಡಿ ಪ್ರಿಂಟರಿನಿಂದ ಬಂದವು. ಯಾವುದು ಯಾವುದೆಂದು ನನಗೆ ಗೊತ್ತಾಗಲೇ ಇಲ್ಲ.

ಗುಟ್ಟು ಇರುವುದು ಪುಡಿಯಲ್ಲಿ. 2001ರಿಂದ ಇಲ್ಲಿ ಬಳಕೆಗೆ ಬಂದ ಪ್ರಿಂಟರು ತೆಳುವಾಗಿ ಪುಡಿ ಹರಡಿ, ಬೇಕಾದ ಜಾಗಕ್ಕಷ್ಟೇ ಅಂಟುದ್ರವ ಸಿಂಪಡಿಸಿ, ಅದರ ಮೇಲೆ ಮತ್ತೊಂದು ಪದರ ಹರಡುತ್ತದೆ. ಆ ಪುಡಿಯಲ್ಲಿ ಬಹುಪಾಲು ಜಿಪ್ಸಮ್, ಅಂದರೆ ನಮ್ಮ ಪಿಒಪಿಯ ಮೂಲವಸ್ತು. ಈ ಚರ್ಚಿನ ವಾಸ್ತುಶಿಲ್ಪಿ ಗೌಡಿ ತನ್ನ ಮಾದರಿಗಳನ್ನು ಮಾಡಿಸಿದ್ದೂ ಪಿಒಪಿಯಿಂದಲೇ. ಹೀಗಾಗಿ ಯಂತ್ರದಿಂದ ಬಂದ ತುಂಡನ್ನೂ ಇಲ್ಲಿ ಕೆರೆಯಬಹುದು, ಉಜ್ಜಬಹುದು, ಗೌಡಿಯ ಹಳೆಯ ಮಾದರಿಗಳ ಚೂರಿನ ಪಕ್ಕ ಕೂರಿಸಿ ನೋಡಬಹುದು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಒಳಾಂಗಣದ ಕಂಬ. ಎಂಟು ಮೂಲೆಯ ನಕ್ಷತ್ರವೊಂದನ್ನು ಮೇಲೇರಿಸುತ್ತ ಬಲಕ್ಕೆ ತಿರುಚಿ. ಅದೇ ನಕ್ಷತ್ರವನ್ನು ಎಡಕ್ಕೂ ತಿರುಚಿ. ಎರಡು ಕಂಬಗಳೂ ಒಂದರೊಳಗೊಂದು ನಿಂತಿವೆ ಎಂದುಕೊಂಡು, ಎರಡಕ್ಕೂ ಸೇರಿದ ಭಾಗವನ್ನಷ್ಟೇ ಉಳಿಸಿ. ಮೇಲೆ ಹೋದಂತೆ ಎಂಟು ಏಣುಗಳು 16, ಆಮೇಲೆ 32 ಆಗುತ್ತ ಕಂಬ ದುಂಡಗಾಗುತ್ತ ಹೋಗುತ್ತದೆ. ಕಂಪ್ಯೂಟರಿನಲ್ಲಿ ಇದು ಒಂದು ಆಜ್ಞೆಯ ಕೆಲಸ. ಗೌಡಿಯ ಕುಶಲಕರ್ಮಿಗಳು ಇದನ್ನೇ ಹಸಿ ಪಿಒಪಿಯಲ್ಲಿ ಸತುವಿನ ತಗಡಿನ ಫರ್ಮಾ ಎಳೆದು ಮಾಡಿದರು. ಆ ಕಂಬವನ್ನು ಸುತ್ತು ಹಾಕಿ ನೋಡಿದಷ್ಟೂ ನನ್ನ ಮನ ತಣಿಯಲಿಲ್ಲ. ಲೆಕ್ಕವೆಲ್ಲ ಕೈಯಲ್ಲೇ ಇತ್ತು. ಕಂಪ್ಯೂಟರ್ ಬಂದದ್ದು ಆಮೇಲೆ.

ಇತಿಹಾಸ ಚುಟುಕಾಗಿ: 1883ರಲ್ಲಿ ಚರ್ಚಿನ ಹೊಣೆ ಹೊತ್ತ ಗೌಡಿ 1926ರಲ್ಲಿ ಟ್ರಾಮ್ ಬಡಿದು ತೀರಿಕೊಂಡ. 1936ರಲ್ಲಿ, ಸ್ಪೇನಿನ ಅಂತರ್ಯುದ್ಧದ ಆರಂಭದಲ್ಲೇ, ಕಾರ್ಯಾಗಾರಕ್ಕೆ ಬೆಂಕಿ ಬಿತ್ತು. ನಕ್ಷೆಗಳು ಸುಟ್ಟವು, ಮಾದರಿಗಳು ಚೂರಾದವು. ಶಿಷ್ಯರು ಚೂರುಗಳನ್ನು ಆಯ್ದು ಜೋಡಿಸತೊಡಗಿದರು. 1979ರಲ್ಲಿ ಬಂದ ನ್ಯೂಜಿಲೆಂಡಿನ ವಾಸ್ತುಶಿಲ್ಪಿ ಮಾರ್ಕ್ ಬರಿ ಮುಂದೆ ವಿಮಾನ ವಿನ್ಯಾಸದ ಸಾಫ್ಟ್‌ವೇರನ್ನು ಇಲ್ಲಿಗೆ ತಂದರು.

ಚೂರಿನಿಂದ ಇಡೀ ರೂಪ ಹೇಗೆ ಸಿಕ್ಕೀತು? ಗೌಡಿಯ ಬಾಗಿದ ಮೈಗಳಲ್ಲಿ ಹೆಚ್ಚಿನವು ನೇರ ಗೆರೆಗಳಿಂದಲೇ ಆದವು. ಹಗ್ಗದ ಮಂಚದ ಒಂದು ಮೂಲೆಯನ್ನು ಎತ್ತಿ ತಿರುಚಿದರೆ ಹಗ್ಗಗಳು ನೇರವಾಗಿಯೇ ಇದ್ದು ಮೈ ಮಾತ್ರ ಬಾಗುತ್ತದಲ್ಲ, ಹಾಗೆ. ಇಂಥ ಮೈಗೆ ಸೂತ್ರವಿದೆ. ಉಳಿದ ಚೂರಿನಲ್ಲಿ ಮೈಗಳು ಸಂಧಿಸುವ ಬಿಂದುಗಳನ್ನು ಅಳೆದು ಕೊಟ್ಟರೆ ಕಂಪ್ಯೂಟರ್ ಸೂತ್ರವನ್ನು ಹುಡುಕುತ್ತದೆ. ಸಿಕ್ಕ ಉತ್ತರ ಮತ್ತೆ ಮಾದರಿಯಾಗುತ್ತದೆ, ಕೈ ಅದನ್ನು ಪರೀಕ್ಷಿಸುತ್ತದೆ.

ಗೌಡಿಯಿಲ್ಲದೆ ಕಟ್ಟುವುದೇ ತಪ್ಪೆಂದು 1965ರಲ್ಲಿ ಬಹಿರಂಗ ಪತ್ರವೊಂದು ಪ್ರಕಟವಾಗಿತ್ತು; ಸಹಿ ಹಾಕಿದವರಲ್ಲಿ ಚಂಡೀಗಢವನ್ನು ರೂಪಿಸಿದ ಲೆ ಕಾರ್ಬುಸಿಯೆ ಕೂಡ ಇದ್ದರು. 2010ರಲ್ಲಿ ಪೋಪ್ ಬೆನೆಡಿಕ್ಟ್ ಪವಿತ್ರೀಕರಿಸಿದ ಒಳಾಂಗಣದ ಮಟ್ಟಿಗೆ ನಾನು ಆ ಪತ್ರವನ್ನು ಒಪ್ಪಲಾರೆ. ಗೌಡಿ ಅದರ ಮಾದರಿಯನ್ನು 1:10 ಅಳತೆಯಲ್ಲಿ ಮಾಡಿಸಿಟ್ಟಿದ್ದ, ಚೂರುಗಳು ಸಾಕ್ಷಿ ಹೇಳಿದವು. ಆದರೆ ಮುಖ್ಯ ದ್ವಾರದ ಗ್ಲೋರಿ ಮುಂಭಾಗಕ್ಕೆ ಅಷ್ಟು ವಿವರ ಆತ ಬಿಟ್ಟುಹೋಗಿಲ್ಲ. ಸಾಕ್ಷಿಯಿದ್ದರೂ ಇಲ್ಲದಿದ್ದರೂ ಪ್ರಿಂಟರು ಅಷ್ಟೇ ಅಚ್ಚುಕಟ್ಟಾಗಿ ಮುದ್ರಿಸಿಕೊಡುತ್ತದೆ. ನನ್ನ ಅಳುಕು ಇದೇ. ಚೂರುಗಳು ಮುಗಿದ ಕಡೆಯಿಂದ ಆಚೆಗೆ ಕಟ್ಟುವುದನ್ನು ನಮ್ಮ ಕಾಲದವರ ವಿನ್ಯಾಸವೆಂದೇ ಕರೆಯಬೇಕು, ಗೌಡಿಯ ಹೆಸರಿಗೆ ಬರೆಯಬಾರದು.