ಹಳೆಯ ಮನೆಯ ತೇಪೆಗಳು

ಬಟ್ಟೆಗೆ ಹಾಕಿದ ತೇಪೆ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಮನೆಗೆ ಹಾಕಿದ ತೇಪೆಯಾದರೋ ಸುಣ್ಣದ ಕೆಳಗೆ, ಹಲಗೆಯ ಹಿಂದೆ, ನೆಲದ ಅಡಿಯಲ್ಲಿ ಅಡಗಿ ಕುಳಿತುಬಿಡುತ್ತದೆ. ಹಾಕಿದವನು ಅದನ್ನು ಮರೆಯುತ್ತಾನೆ. ಅವನ ತರುವಾಯ ಬಂದವರಿಗೆ ಅಂತಹದೊಂದು ಇದೆಯೆಂಬುದೇ ತಿಳಿಯದು. ಇಂತಹ ತೇಪೆಗಳನ್ನು ಹುಡುಕಿ ತೆಗೆಯುವ ಕೆಲಸವನ್ನು ನೋಡುವ ಅವಕಾಶ ನಮಗೆ ಒದಗಿದುದು ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ. 1898ರ ಪ್ಲೇಗಿನ ತರುವಾಯ ರೂಪುಗೊಂಡ ಈ ಬಡಾವಣೆಯಲ್ಲಿ, ಗಾರೆ ಮತ್ತು ಇಟ್ಟಿಗೆಯ ದಪ್ಪ ಗೋಡೆ, ಸಾಗುವಾನಿ ತೊಲೆಗಳ ಮೇಲೆ ಕೂರಿಸಿದ ಮದ್ರಾಸು ತಾರಸಿ, ಮುಂದೆ ಮಂಗಳೂರು ಹೆಂಚಿನ ಚಾವಡಿ ಉಳ್ಳ ಮನೆಗಳು ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಆ ಮನೆಯಲ್ಲಿ ಇದ್ದವರು ಒಬ್ಬ ವೃದ್ಧೆ. ಅವರ ಮೊಮ್ಮಗಳು ತನ್ನ ಪುಟ್ಟ ಕೂಸಿನೊಡನೆ ಅಲ್ಲಿಗೇ ಬಂದು ನೆಲಸುವವಳಿದ್ದಳು. ಅದಕ್ಕೆ ಮುಂಚೆ ಮನೆಯನ್ನೊಮ್ಮೆ ನೋಡಿಕೊಡಬೇಕೆಂದು ನಮ್ಮ ಎಂಜಿನಿಯರ್ ಮಿತ್ರರನ್ನು ಅವರು ಕೇಳಿಕೊಂಡಿದ್ದರು. ಮಿತ್ರರ ಜೊತೆಯಲ್ಲಿ ನಾವೂ ಹೋದೆವು.

ಚಾವಡಿಯ ಹೆಂಚುಗಳ ನಡುವೆ ಒಂದು ತಗಡು ಮಿನುಗುತ್ತಿತ್ತು. ಸೀಮೆಎಣ್ಣೆಯ ಡಬ್ಬಿಯನ್ನು ಬಿಡಿಸಿ, ಬಡಿದು ಚಪ್ಪಟೆ ಮಾಡಿ, ಒಡೆದ ಹೆಂಚಿನ ಅಡಿಗೆ ಯಾರೋ ತೂರಿಸಿದ್ದರು. ಇದನ್ನು ಕಂಡು ನಮಗೆ ನಗು ಬಂದಿತು. ಮಿತ್ರರು ಮಾತ್ರ ನಗಲಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಪ್ರಚಾರಕ್ಕೆ ತಂದ ಈ ಹೆಂಚಿನ ಗುಟ್ಟು ಇರುವುದು ಒಂದರ ಮೇಲೊಂದು ಹೊದ್ದುಕೊಳ್ಳುವುದರಲ್ಲಿ. ಮೇಲಿನದರ ನೀರು ಕೆಳಗಿನದರ ಮೇಲೆ ಬೀಳಬೇಕು, ಅಷ್ಟೆ. ತಗಡನ್ನು ಇಟ್ಟವನು ಈ ಗುಟ್ಟನ್ನು ಅರಿತು, ಅದರ ಮೇಲಂಚನ್ನು ಮೇಲಿನ ಹೆಂಚಿನ ಕೆಳಗೂ ಕೆಳಅಂಚನ್ನು ಕೆಳಗಿನ ಹೆಂಚಿನ ಮೇಲೂ ಬರುವಂತೆ ಇರಿಸಿದ್ದ. ಮಾಡಿನ ರೀತಿಗೆ ಹೊಂದಿಕೊಂಡ ತೇಪೆಯಿದು. ಹೊಸ ಹೆಂಚು ಸಿಕ್ಕಿದ ದಿನ ಎಳೆದು ತೆಗೆದರಾಯಿತು. ಎಲ್ಲ ತೇಪೆಗಳೂ ಹೀಗೆಯೇ ಇದ್ದಿದ್ದರೆ ಈ ಲೇಖನವನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ನಡುಮನೆಯ ಗೋಡೆಯದು ಬೇರೆ ಕಥೆ. ಮೊದಲು ಮೊಣಕಾಲೆತ್ತರಕ್ಕೆ ತೇವವಿತ್ತಂತೆ. ಗಾರೆಯ ಗಿಲಾವು ಉದುರುತ್ತಿದ್ದುದನ್ನು ಕಂಡು, ಅದನ್ನು ಕೆತ್ತಿಸಿ ಗಟ್ಟಿಯಾದ ಸಿಮೆಂಟನ್ನು ಮೆತ್ತಿಸಿದರು. ಎರಡು ಮಳೆಗಾಲ ಕಳೆಯುವುದರೊಳಗೆ ತೇವವು ಎದೆಯೆತ್ತರಕ್ಕೆ ಏರಿತು! ಸಿಮೆಂಟು ನೀರನ್ನು ತಡೆಯುವುದಲ್ಲವೆ, ಹೀಗೇಕಾಯಿತು? ತಡೆದುದರಿಂದಲೇ ಹೀಗಾಯಿತು. ನೀರಿನಲ್ಲಿ ನಿಲ್ಲಿಸಿದ ಸಣ್ಣ ಗಾಜಿನ ನಾಳದಲ್ಲಿ ನೀರು ತಾನಾಗಿ ಮೇಲೇರುವುದನ್ನು ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ. ನಾಳದ ವ್ಯಾಸ 1 ಮಿಲಿಮೀಟರ್ ಇದ್ದರೆ ಏರಿಕೆ ಸುಮಾರು 3 ಸೆಂಟಿಮೀಟರ್. ವ್ಯಾಸ ಅದರ ಹತ್ತನೆಯ ಒಂದಂಶವಾದರೆ ಏರಿಕೆ ಸುಮಾರು 30 ಸೆಂಟಿಮೀಟರ್. ಇಟ್ಟಿಗೆ ಗಾರೆಗಳ ರಂಧ್ರಗಳೂ ಇಂತಹ ನಾಳಗಳೇ. ನೆಲದ ತೇವ ಅವುಗಳ ಮೂಲಕ ಮೇಲಕ್ಕೆ ಹತ್ತುತ್ತದೆ. ಗಾರೆಯ ಗಿಲಾವಿನ ಮೂಲಕ ಆ ತೇವ ಗಾಳಿಗೆ ಆರಿಹೋಗುತ್ತಿತ್ತು. ಏರುವ ನೀರಿಗೂ ಆರುವ ನೀರಿಗೂ ಮೊಣಕಾಲಿನ ಮಟ್ಟದಲ್ಲಿ ಸರಿಹೋಗಿತ್ತು. ಸಿಮೆಂಟು ಆರುವ ದಾರಿಯನ್ನು ಮುಚ್ಚಿತು. ಏರುವ ದಾರಿಯನ್ನು ಮುಚ್ಚಲಿಲ್ಲ. ಸಿಮೆಂಟು ಮುಗಿಯುವ ಎತ್ತರದವರೆಗೆ ನೀರು ಏರಿ, ಅಲ್ಲಿ ಹೊರಬಿದ್ದು, ತಾನು ಕರಗಿಸಿ ತಂದ ಲವಣಗಳನ್ನು ಹರಳುಗಟ್ಟಿಸಿ ಸುಣ್ಣದ ಪದರನ್ನು ಸಿಡಿಸುತ್ತಿತ್ತು. ಪಕ್ಕದ ಬಾಗಿಲುವಾಡದ ಬುಡಕ್ಕೆ ಮಿತ್ರರು ಸ್ಕ್ರೂಡ್ರೈವರ್ ಒತ್ತಿದರೆ ಅದು ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು.

ಅದೇ ಕೋಣೆಯಲ್ಲಿ ಒಂದು ಕ್ಯಾಲೆಂಡರು ಅದೇಕೋ ಮೂಲೆಗೆ ಓರೆಯಾಗಿ ತೂಗುತ್ತಿತ್ತು. ಅದನ್ನು ಎತ್ತಿದಾಗ ಹಿಂದೆ ಒಂದು ಬಿರುಕು ಕಾಣಿಸಿತು. ಇದರ ಮಾತನ್ನು ಮುಂದೆ ಹೇಳುವೆವು.

ನಮ್ಮ ಮನಸ್ಸಿನಲ್ಲಿ ಆಳವಾಗಿ ನಾಟಿದುದು ಬಚ್ಚಲುಮನೆ. ನಲ್ಲಿಯ ಮುಂದೆ ಒಂದು ಮರದ ಮಣೆ ಇತ್ತು. ಸ್ನಾನಕ್ಕೆ ಕೂರುವ ಮಣೆಯಿರಬಹುದೆಂದು ಭಾವಿಸಿ ಅದನ್ನು ಸರಿಸಲು ಹೋದೆವು. “ಅದನ್ನ ತೆಗೀಬೇಡಿಪ್ಪಾ,” ಎಂದರು ಅಜ್ಜಿ. “ನಲ್ಲಿ ಮುಟ್ಟಿದರೆ ಒಂದೊಂದು ಸಲ ಜುಮ್ಮನ್ನತ್ತೆ. ಮಣೆ ಮೇಲೆ ನಿಂತುಕೊಂಡರೆ ಏನೂ ಆಗಲ್ಲ.” ಮಿತ್ರರು ಒಮ್ಮೆಲೆ ಗಂಭೀರರಾದರು. ಟೆಸ್ಟರನ್ನು ನಲ್ಲಿಗೆ ತಗುಲಿಸಿದೊಡನೆ ಅದರ ದೀಪ ಕೆಂಪಗೆ ಹೊತ್ತಿತು. ಅವರು ಮರುಮಾತಿಲ್ಲದೆ ಹೊರಗೆ ಹೋಗಿ ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿ ಬಂದರು.

ಆಮೇಲೆ ನಡೆದ ಶೋಧವು ಪತ್ತೇದಾರಿಯ ಕೆಲಸಕ್ಕೆ ಕಡಮೆಯದಲ್ಲ. ಬಚ್ಚಲಿನ ನೀರು ಕಾಯಿಸುವ ಗೀಜರಿನ ಒಳಗಿನ ಕಾವಿನ ಸುರುಳಿಗೆ ಸುತ್ತಿದ್ದ ರಕ್ಷಾಕವಚ ಸವೆದು, ವಿದ್ಯುತ್ತು ಅದರ ಲೋಹದ ಮೈಗೆ ಸೋರುತ್ತಿತ್ತು. ಇಂತಹ ಸೋರಿಕೆಗೆಂದೇ ಭೂಸಂಪರ್ಕದ ತಂತಿ ಇರುತ್ತದೆ. ಸೋರಿದ ಪ್ರವಾಹವು ಸುಲಭವಾದ ದಾರಿಯಲ್ಲಿ ನೆಲಕ್ಕೆ ಇಳಿಯಬೇಕು. ಇಳಿಯುವಾಗ ಪ್ರವಾಹ ಹೆಚ್ಚಿ ಫ್ಯೂಸಿನ ತಂತಿ ಕರಗಬೇಕು. ಆಗ ಸಾಧನವು ತಾನೇ ಕಡಿದುಹೋಗುತ್ತದೆ. ಈ ಮನೆಯಲ್ಲಿ ಭೂಸಂಪರ್ಕದ ತಂತಿಯನ್ನು ಯಾರೋ ಬಚ್ಚಲಿನ ನೀರಿನ ಕೊಳವೆಗೆ ಸುತ್ತಿದ್ದರು. ಕಬ್ಬಿಣದ ಕೊಳವೆ ಹಿತ್ತಿಲಿನ ಮಣ್ಣಿನಲ್ಲಿ ಹೂತು ಹೋಗಿತ್ತಾದ್ದರಿಂದ ಇದು ಹೇಗೋ ಬಹುಕಾಲ ಸಾಗಿತು. ಅನಂತರ ಹಿತ್ತಿಲಿನಲ್ಲಿ ಕೊಳವೆ ತುಕ್ಕುಹಿಡಿದು ಸೋರಿತು. ಮೊದಲು ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರು. ಅದೂ ಸಾಲದೆ, ಕೆಟ್ಟ ಭಾಗವನ್ನು ಕತ್ತರಿಸಿ ಒಂದು ಮಾರು ಪ್ಲಾಸ್ಟಿಕ್ ಕೊಳವೆಯನ್ನು ಸೇರಿಸಿದರು. ನೀರಿಗೆ ಹಾದಿ ಸರಾಗವಾಯಿತು. ವಿದ್ಯುತ್ತಿಗೆ ಹಾದಿ ಅಲ್ಲಿಗೇ ಮುಗಿಯಿತು! ಮನೆಯೊಳಗಿನ ಕಬ್ಬಿಣದ ಕೊಳವೆಯೂ ನಲ್ಲಿಯೂ ನೆಲದ ನಂಟು ಕಳೆದುಕೊಂಡು, ಗೀಜರು ಸೋರಿದ ವಿದ್ಯುತ್ತನ್ನು ಹೊತ್ತು ನಿಂತವು. ಕೊಳವೆ ಜೋಡಿಸಿದವನಿಗೆ ತಂತಿಯ ವಿಷಯ ತಿಳಿಯದು. ತಂತಿ ಸುತ್ತಿದವನು ಕೊಳವೆ ಬದಲಾಗುವುದೆಂದು ನೆನೆಸಿರಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಫ್ಯೂಸಿನ ಪಿಂಗಾಣಿಯ ಹಿಡಿಯನ್ನು ಎಳೆದಾಗ ಅದರಲ್ಲಿ ಸುಮಾರು 1 ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಇತ್ತು. ಆ ಮಾರ್ಗವನ್ನು ದೀಪಗಳಿಗಾಗಿ 5 ಆಂಪಿಯರಿನ ಲೆಕ್ಕದಲ್ಲಿ ಎಳೆದಿದ್ದರು. ಅದಕ್ಕೆ ತಕ್ಕ ಫ್ಯೂಸಿನ ತಂತಿ 0.2 ಮಿಲಿಮೀಟರಿನದು. ಮುಂದೆ ಅದೇ ಮಾರ್ಗಕ್ಕೆ 2000 ವಾಟಿನ ಗೀಜರನ್ನು ಸೇರಿಸಿದರು. 230 ವೋಲ್ಟಿನಲ್ಲಿ ಇದು ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಫ್ಯೂಸು ಮತ್ತೆ ಮತ್ತೆ ಹೋಗಿರಬೇಕು. ಅದು ತನ್ನ ಕರ್ತವ್ಯವನ್ನು ಮಾಡುತ್ತಿತ್ತು. ಬೇಸತ್ತವರು ಯಾರೋ ‘ಗಟ್ಟಿ’ ತಂತಿ ಹಾಕಿದರು. ದಪ್ಪ ಐದು ಪಟ್ಟಾದರೆ ಅಡ್ಡಕೊಯ್ತದ ವಿಸ್ತಾರ ಇಪ್ಪತ್ತೈದು ಪಟ್ಟಾಗುತ್ತದೆ. ಆ ತಂತಿ ಕರಗಬೇಕಾದರೆ 80 ಆಂಪಿಯರಿನಷ್ಟು ಪ್ರವಾಹ ಬೇಕು. ಅಷ್ಟು ಪ್ರವಾಹ ಹರಿಯುವ ಮೊದಲೇ ಗೋಡೆಯ ಮೇಲಿನ ಹಳೆಯ ರಬ್ಬರು ಹೊದಿಕೆಯ ತಂತಿಗಳು ಹೊತ್ತಿಕೊಳ್ಳುತ್ತವೆ. ಪ್ರವಾಹ ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುವುದಷ್ಟೆ. ಅಮೆರಿಕದ ಹಳೆಯ ಮನೆಗಳಲ್ಲಿ ತಿರುಪಿನ ಫ್ಯೂಸುಗಳ ಅಡಿಯಲ್ಲಿ ಒಂದು ಸೆಂಟಿನ ನಾಣ್ಯವನ್ನು ಇಟ್ಟು ಇದೇ ಸಾಹಸ ಮಾಡುತ್ತಿದ್ದರು. ಬುದ್ಧಿವಂತಿಕೆಗೆ ದೇಶಭೇದವಿಲ್ಲ.

ಹೀಗೆ ಮೂರು ತೇಪೆಗಳು ಕೂಡಿದ ಮೇಲೆ ಅಜ್ಜಿಯನ್ನು ಕಾಯುತ್ತಿದ್ದುದು ನಾಲ್ಕನೆಯ ತೇಪೆಯಾದ ಮಣೆಯೊಂದೇ. ಒಣಗಿದ ಮರ ವಿದ್ಯುತ್ತಿಗೆ ದೊಡ್ಡ ರೋಧವನ್ನು ಒಡ್ಡುತ್ತದೆ. ಒದ್ದೆಯಾದ ಮರ ಹಾಗಲ್ಲ. ಬಚ್ಚಲಿನಲ್ಲಿ ಮಣೆ ಎಷ್ಟು ಹೊತ್ತು ಒಣಗಿದ್ದೀತು? ಒದ್ದೆ ಮೈಯ ರೋಧ ಸುಮಾರು 1000 ಓಮ್‌ಗೆ ಇಳಿಯಬಲ್ಲುದು. ನಲ್ಲಿಯಲ್ಲಿ 230 ವೋಲ್ಟಿನ ಪೂರ್ಣ ಒತ್ತಡವೇ ಇದ್ದರೆ ಮೈಯಲ್ಲಿ ಹರಿಯುವ ಪ್ರವಾಹ 0.23 ಆಂಪಿಯರ್, ಎಂದರೆ 230 ಮಿಲಿಆಂಪಿಯರ್. ಒಂದು ಮಿಲಿಆಂಪಿಯರ್ ಜುಮ್ಮೆನ್ನಿಸುತ್ತದೆ. ಹತ್ತರ ಸುಮಾರಿಗೆ ಸ್ನಾಯುಗಳು ಸೆಟೆದು, ಹಿಡಿದ ಕೈಯನ್ನು ಬಿಡಲಾಗದು. ಹಲವು ಹತ್ತುಗಳಾದರೆ ಹೃದಯದ ಬಡಿತವೇ ಕೆಡಬಹುದು. ಅಜ್ಜಿ ಅಲ್ಲಿಯವರೆಗೆ ಕಂಡಿದ್ದುದು ಮೊದಲನೆಯ ಮೆಟ್ಟಿಲನ್ನು ಮಾತ್ರ. ತೆವಳುವ ಕೂಸಿಗೆ ಮಣೆಯ ನಿಯಮವನ್ನು ಹೇಳಿಕೊಡುವವರು ಯಾರು?

ಅಂದೇ ಗೀಜರನ್ನು ಕಳಚಲಾಯಿತು. ವಾರದೊಳಗೆ ಅದಕ್ಕೆಂದು ತಕ್ಕ ದಪ್ಪದ ಬೇರೆ ಮಾರ್ಗವನ್ನೂ, ಹಿತ್ತಿಲಿನಲ್ಲಿ ಹೊಸ ಭೂಸಂಪರ್ಕವನ್ನೂ, 30 ಮಿಲಿಆಂಪಿಯರ್ ಸೋರಿಕೆಗೇ ಕಣ್ಣುಮಿಟುಕಿಸುವುದರೊಳಗೆ ಮನೆಯ ವಿದ್ಯುತ್ತನ್ನು ಕಡಿಯುವ ಸಾಧನವನ್ನೂ ಹಾಕಿಸಿದರು. ಹಳೆಯ ಮನೆಯಲ್ಲಿರುವ ನಮ್ಮ ಓದುಗರು ಕುತೂಹಲದಿಂದ ಫ್ಯೂಸನ್ನು ತಾವೇ ಎಳೆದು ನೋಡಬಾರದೆಂದು ಇಲ್ಲಿ ಸೂಚಿಸುವುದು ಅಗತ್ಯ. ಅದು ಬಲ್ಲವರ ಕೆಲಸ. ನಲ್ಲಿ ಜುಮ್ಮೆಂದರೆ ಹಿರಿಯರಿಗೆ ಹೇಳುವ ಕೆಲಸ ಮಾತ್ರ ನಿಮ್ಮದು. ಗೋಡೆಯ ಸಿಮೆಂಟನ್ನು ಕೆತ್ತಿ ಮತ್ತೆ ಸುಣ್ಣದ ಗಾರೆ ಹಚ್ಚಿಸಿದರು. ತೇವ ಇಳಿಯುವುದಕ್ಕೆ ಕಾಲ ಹಿಡಿಯುತ್ತದೆ.

ಇನ್ನು ಕ್ಯಾಲೆಂಡರಿನ ಹಿಂದಿನ ಬಿರುಕು. ಅದರಲ್ಲಿ ಹಳೆಯ ವೃತ್ತಪತ್ರಿಕೆಯ ತುಂಡುಗಳನ್ನು ತುರುಕಿ ಮೇಲೆ ಸುಣ್ಣ ಬಳಿದಿದ್ದರು. ಬಿರುಕಿನಲ್ಲಿ ಎರಡು ಬಗೆ. ಎಂದೋ ಬಿಟ್ಟು ನಿಂತುಹೋದುದು ಒಂದು. ಇನ್ನೂ ಬೆಳೆಯುತ್ತಿರುವುದು ಮತ್ತೊಂದು. ಎರಡನೆಯದಕ್ಕೆ ಏನನ್ನು ತುಂಬಿದರೂ ಮತ್ತೆ ಬಿಡುತ್ತದೆ. ಇದನ್ನು ಅರಿಯಲು ಮಿತ್ರರು ಬಿರುಕಿಗೆ ಅಡ್ಡಲಾಗಿ, ಮೇಲೊಂದು ಕೆಳಗೊಂದು, ತೆಳುವಾದ ಗಾಜಿನ ಪಟ್ಟಿಗಳನ್ನು ಇಟ್ಟು, ಅವುಗಳ ಎರಡು ತುದಿಗಳನ್ನೂ ಗೋಡೆಗೆ ಭದ್ರವಾಗಿ ಅಂಟಿಸಿ, ಪಕ್ಕದಲ್ಲಿ ತಾರೀಖನ್ನು ಬರೆದರು. ಗಾಜು ಹಿಗ್ಗದು, ಬಗ್ಗದು. ಗೋಡೆ ಅಲುಗಿದರೆ ಒಡೆಯುತ್ತದೆ. ಮಳೆಗಾಲ ಕಳೆದ ಮೇಲೆ ನಾವು ಹೋಗಿ ನೋಡಿದೆವು. ಕೂಸು ನಡುಮನೆಯಲ್ಲಿ ತೆವಳುತ್ತಿತ್ತು. ಕೆಳಗಿನ ಪಟ್ಟಿ ಹಾಗೆಯೇ ಇತ್ತು. ಮೇಲಿನ ಪಟ್ಟಿಯಲ್ಲಿ ಕೂದಲೆಳೆಯಂತಹ ಒಂದು ಗೆರೆ ಮೂಡಿತ್ತು. ತಳಪಾಯವನ್ನು ಆ ಮೂಲೆಯಲ್ಲಿ ಅಗೆದು ನೋಡಲು ಮೇಸ್ತ್ರಿಗೆ ಹೇಳಿ ಕಳುಹಿಸಿದ್ದಾರೆ.